ತೊಂಬತ್ತು ದಾಟಿದವರಿಗೆ ಆಪರೇಷನ್ ಮಾಡಿಸಬಾರದೇ?

ಮೈಸೂರಿನ ಶ್ರೀರಾಂಪುರದಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಬೆಳಗಿನ ಜಾವ ಐದು ಗಂಟೆ. 91 ವರ್ಷದ ಅಜ್ಜಿ ಎಂದಿನಂತೆ ಎಲ್ಲರಿಗಿಂತ ಮೊದಲು ಎದ್ದು ಬಚ್ಚಲಿಗೆ ಹೋಗಿದ್ದಾರೆ. ನೆಲ ಒದ್ದೆಯಿತ್ತು, ಕಾಲು ಜಾರಿತು. ಸದ್ದು ಕೇಳಿ ಮಗ ಸೊಸೆ ಓಡಿ ಬರುವಷ್ಟರಲ್ಲಿ ಅಜ್ಜಿ ಏಳಲಾಗದೆ ನರಳುತ್ತಿದ್ದಾರೆ. ಬಲಗಾಲು ತುಸು ಗಿಡ್ಡವಾದಂತೆ, ಪಾದ ಹೊರಕ್ಕೆ ತಿರುಗಿಕೊಂಡಂತೆ ಕಾಣುತ್ತಿದೆ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದಾಗ ಗೊತ್ತಾಗುತ್ತದೆ, ಸೊಂಟದ ಕೀಲಿನ ಹತ್ತಿರ ತೊಡೆಮೂಳೆಯ ಕತ್ತು ಮುರಿದಿದೆ. ಆಪರೇಷನ್ ಆಗಬೇಕು ಎನ್ನುತ್ತಾರೆ ವೈದ್ಯರು.

ಅಲ್ಲಿಂದ ಶುರು. "ಅಮ್ಮನಿಗೆ ತೊಂಬತ್ತೊಂದು ಕಣೋ, ಈ ವಯಸ್ಸಲ್ಲಿ ಕೊಯ್ಸೋದಾ?" ಎಂದು ದೊಡ್ಡ ಮಗ. "ಅರಿವಳಿಕೆ ಕೊಟ್ಟರೆ ಏಳೋದೇ ಇಲ್ಲವಂತೆ" ಎಂದು ಪಕ್ಕದ ಮನೆಯವರು. "ನಾಟಿ ಕಟ್ಟು ಹಾಕಿಸಿ, ಕೂಡಿಕೊಳ್ಳತ್ತೆ" ಎಂದು ಊರಿನಿಂದ ಚಿಕ್ಕಪ್ಪನ ಫೋನು. ಅಮೆರಿಕದಲ್ಲಿರುವ ಮಗಳು ರಾತ್ರಿಯೆಲ್ಲ ಅಂತರ್ಜಾಲ ಜಾಲಾಡಿ ಇನ್ನಷ್ಟು ಗಾಬರಿಯಾಗಿದ್ದಾಳೆ. ಈ ಗದ್ದಲದ ನಡುವೆ ಅಜ್ಜಿಯನ್ನು ಮಾತ್ರ ಯಾರೂ ಏನೂ ಕೇಳಿಲ್ಲ.

ಪಿಂಚಣಿದಾರರ ಸ್ವರ್ಗ ಎಂದು ಹೆಸರಾದ ಮೈಸೂರಿನಲ್ಲಿ ಇಂಥ ದೃಶ್ಯ ಅಪರೂಪವಲ್ಲ. ಶ್ರೀರಾಂಪುರದಿಂದ ಕೆ.ಆರ್. ಆಸ್ಪತ್ರೆಗಾಗಲಿ ಜೆಎಸ್‌ಎಸ್ ಆಸ್ಪತ್ರೆಗಾಗಲಿ ಕೆಲವೇ ಕಿಲೋಮೀಟರ್. ಆಸ್ಪತ್ರೆ ತಲುಪುವುದು ಅಷ್ಟು ಕಷ್ಟವಲ್ಲ, ತಲುಪಿದ ಮೇಲೆ ತೀರ್ಮಾನ ಮಾಡುವುದೇ ಕಷ್ಟ. ಹಾಗಾಗಿ ಈ ಬಾರಿ ನಾವು ಕೇಳಿಕೊಳ್ಳುತ್ತಿರುವ ಪ್ರಶ್ನೆ ಇದು: ತೀರಾ ವಯಸ್ಸಾದವರಿಗೆ ಶಸ್ತ್ರಚಿಕಿತ್ಸೆ ಎಂದರೆ ನಿಜಕ್ಕೂ ಸಾವಿಗೆ ಆಹ್ವಾನವೇ?

ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು. ಈ ಭಯ ಗಾಳಿಯಲ್ಲಿ ಹುಟ್ಟಿದ್ದಲ್ಲ. 1920ರ ದಶಕದಲ್ಲಿ ಅಮೆರಿಕದ ಹೆಸರಾಂತ ಶಸ್ತ್ರವೈದ್ಯ ಆಲ್ಟನ್ ಆಕ್ಸ್ನರ್ 50 ದಾಟಿದವರಿಗೆ ತುರ್ತಿಲ್ಲದಿದ್ದರೆ ಹರ್ನಿಯಾ ಆಪರೇಷನ್ ಮಾಡುವುದು ಸರಿಯಲ್ಲ ಎಂದು ಕಲಿಸುತ್ತಿದ್ದರು. ಐವತ್ತು! ಇವತ್ತು 50 ವರ್ಷದವರಿಗೆ ಹರ್ನಿಯಾ ಆಪರೇಷನ್ ಆದರೆ ಮರುದಿನವೇ ಮನೆಗೆ ಕಳಿಸುತ್ತಾರೆ. ಆಗ ಆ ಎಚ್ಚರಿಕೆಗೆ ಅರ್ಥವಿತ್ತು. ಆಂಟಿಬಯಾಟಿಕ್‌ಗಳು ಬಂದಿರಲಿಲ್ಲ. ಬೆರಳ ತುದಿಗೆ ಕ್ಲಿಪ್ಪು ಹಾಕಿ ರಕ್ತದ ಆಮ್ಲಜನಕ ನೋಡುವ ಪಲ್ಸ್ ಆಕ್ಸಿಮೀಟರ್ ಇರಲಿಲ್ಲ. ಆಪರೇಷನ್ ಮುಗಿದ ಮೇಲೆ ರೋಗಿಯನ್ನು ನೋಡಿಕೊಳ್ಳಲು ತೀವ್ರ ನಿಗಾ ಘಟಕವೂ ಇರಲಿಲ್ಲ.

ಬದಲಾವಣೆ ಎಷ್ಟರಮಟ್ಟಿಗೆ ಆಗಿದೆ ಎಂಬುದಕ್ಕೆ ಒಂದು ಲೆಕ್ಕವಿದೆ. ಜಗತ್ತಿನ ಬೇರೆಬೇರೆ ಕಡೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಕೇವಲ ಅರಿವಳಿಕೆಯ ಕಾರಣದಿಂದಲೇ ಆಗುತ್ತಿದ್ದ ಸಾವು 1970ಕ್ಕೆ ಮೊದಲು 10 ಲಕ್ಷಕ್ಕೆ 357 ಇತ್ತು. 1990ರ ನಂತರ ಅದು 34ಕ್ಕೆ ಇಳಿದಿದೆ. ನಮ್ಮಂಥ ದೇಶಗಳಲ್ಲಿ ಇಳಿಕೆ ಸಿರಿವಂತ ದೇಶಗಳಷ್ಟು ಆಗಿಲ್ಲ ಎನ್ನುವುದನ್ನೂ ಅದೇ ವಿಶ್ಲೇಷಣೆ ತೋರಿಸಿದೆ. ಆದರೂ "ಅರಿವಳಿಕೆ ಕೊಟ್ಟರೆ ಏಳುವುದೇ ಇಲ್ಲ" ಎನ್ನುವ ಮಾತು ನಮ್ಮ ತಾತಂದಿರ ಕಾಲದ ಅನುಭವ. ಅದನ್ನು ಇವತ್ತಿನ ಆಪರೇಷನ್ ಕೊಠಡಿಗೆ ಹಾಗೇ ತಂದು ಹಚ್ಚುವುದು ಸರಿಯಾಗಲಾರದು.

ಉಳಿತಾಯದ ಖಾತೆ

ಹಾಗಂತ ವಯಸ್ಸು ಲೆಕ್ಕಕ್ಕೇ ಇಲ್ಲ ಎನ್ನುವಂತೆಯೂ ಇಲ್ಲ. ಮುಪ್ಪಿನಲ್ಲಿ ದೇಹಕ್ಕೆ ಏನಾಗುತ್ತದೆ ಎನ್ನುವುದನ್ನು ಪಿಂಚಣಿದಾರರಿಗೆ ಸುಲಭವಾಗಿ ವಿವರಿಸಬಹುದು. ತಿಂಗಳ ಪಿಂಚಣಿಯಲ್ಲಿ ಹಾಲು, ತರಕಾರಿ, ಕರೆಂಟು ಬಿಲ್ಲು, ಮಾತ್ರೆ ಎಲ್ಲ ಸರಾಗವಾಗಿ ನಡೆಯುತ್ತದೆ. ಆದರೆ ಬ್ಯಾಂಕಿನಲ್ಲಿ ಉಳಿತಾಯ ಇಲ್ಲ ಎಂದಿಟ್ಟುಕೊಳ್ಳಿ. ಮನೆಯ ಚಾವಣಿ ಒಮ್ಮೆಲೇ ಸೋರತೊಡಗಿದರೆ ಕೈಯಾಡಿಸಲು ಕಾಸಿಲ್ಲ. ತೊಂಬತ್ತರ ದೇಹವೂ ಹಾಗೆ. ದಿನನಿತ್ಯಕ್ಕೆ ಏನೂ ಕೊರತೆ ಕಾಣುವುದಿಲ್ಲ. ರಕ್ತ ಹೋದಾಗ, ಸೋಂಕು ತಗುಲಿದಾಗ, ಆಪರೇಷನ್‌ನಂಥ ಹೊಡೆತ ಬಿದ್ದಾಗ ಹೆಚ್ಚುವರಿಯಾಗಿ ದುಡಿಯುವ ಶಕ್ತಿ ಮಾತ್ರ ಕಡಿಮೆಯಾಗಿರುತ್ತದೆ.

ಹೃದಯವನ್ನೇ ನೋಡಿ. ಅದು ನಿಮಿಷಕ್ಕೆ ಗರಿಷ್ಠ ಎಷ್ಟು ಬಾರಿ ಬಡಿಯಬಲ್ಲದು ಎನ್ನಲು 220ರಿಂದ ವಯಸ್ಸನ್ನು ಕಳೆಯುವ ಒಂದು ಅಂದಾಜು ಲೆಕ್ಕವಿದೆ. ಇಪ್ಪತ್ತರ ಹುಡುಗನಿಗೆ 200, ತೊಂಬತ್ತರ ಅಜ್ಜಿಗೆ 130. ರಕ್ತದೊತ್ತಡ ಕುಸಿದಾಗ ಹುಡುಗನ ಹೃದಯ ವೇಗವಾಗಿ ಬಡಿದು ಸರಿದೂಗಿಸುತ್ತದೆ, ಅಜ್ಜಿಯ ಹೃದಯಕ್ಕೆ ಅಷ್ಟು ಜಾಗವಿಲ್ಲ. ಮೂತ್ರಪಿಂಡದ ಕತೆ ಇನ್ನೂ ಮೋಸದ್ದು. ಅದರ ಸೋಸುವ ಶಕ್ತಿ ನಲವತ್ತರ ನಂತರ ವರ್ಷವರ್ಷ ಇಳಿಯುತ್ತಾ ಬರುತ್ತದೆ. ಆದರೆ ರಕ್ತಪರೀಕ್ಷೆಯ ಕ್ರಿಯಾಟಿನಿನ್ 1.0 ಎಂದು ಬಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ. ಸ್ನಾಯುವೇ ಕರಗಿರುವ ಸಣಕಲು ದೇಹದಲ್ಲಿ ಅದು ಕಡಿಮೆಯೇ ಹುಟ್ಟುತ್ತದೆ, ಹಾಗಾಗಿ ಮೂತ್ರಪಿಂಡ ಅರ್ಧ ಸೊರಗಿದ್ದರೂ ಅಂಕಿ ಚೆನ್ನಾಗಿಯೇ ಕಾಣಬಹುದು. ಇಂಥವರಿಗೆ ಸಾಮಾನ್ಯ ನೋವಿನ ಮಾತ್ರೆಗಳೇ ಮೂತ್ರಪಿಂಡಕ್ಕೆ ಕಂಟಕವಾದ ಉದಾಹರಣೆಗಳಿವೆ. ಮೆಡಿಕಲ್ ಶಾಪಿನಿಂದ ತಂದು ನುಂಗಿಸುವ ಮೊದಲು ಇದು ನೆನಪಿರಲಿ.

ಅರಿವಳಿಕೆ ತಜ್ಞರಿಗೆ ಇದೆಲ್ಲ ಗೊತ್ತು. ಉಸಿರಿನ ಮೂಲಕ ಕೊಡುವ ಅರಿವಳಿಕೆಯ ಅಗತ್ಯ ನಲವತ್ತರ ನಂತರ ಪ್ರತಿ ಹತ್ತು ವರ್ಷಕ್ಕೆ ಸುಮಾರು ಶೇ. 6ರಷ್ಟು ಇಳಿಯುತ್ತದೆ. ತೊಂಬತ್ತರ ಹೊತ್ತಿಗೆ ಅದು ಹೆಚ್ಚುಕಡಿಮೆ ಕಾಲು ಭಾಗ ಕಡಿಮೆ. ಡೋಸ್ ತಗ್ಗಿಸಿ, ನಿಧಾನವಾಗಿ ಕೊಟ್ಟು, ರಕ್ತದೊತ್ತಡದ ಮೇಲೆ ಕಣ್ಣಿಟ್ಟು ಕೂರುವುದೇ ಅವರ ಕೆಲಸ. ಆಪರೇಷನ್ ನಡೆಯುವಷ್ಟು ಹೊತ್ತು ಶಸ್ತ್ರವೈದ್ಯರು ಗಾಯವನ್ನು ನೋಡುತ್ತಿರುತ್ತಾರೆ, ಇವರು ಮನುಷ್ಯರನ್ನು ನೋಡುತ್ತಿರುತ್ತಾರೆ. ಆದರೂ ಬಿಲ್ಲಿನಲ್ಲಿ ಬಿಟ್ಟರೆ ಬೇರೆಲ್ಲೂ ಅವರ ಹೆಸರು ನಮಗೆ ಕಾಣುವುದಿಲ್ಲ!

ಆಧಾರ್ ಕಾರ್ಡಿನ ವಯಸ್ಸೋ, ದೇಹದ ಕಸುವೋ?

ಉಳಿತಾಯ ಎಷ್ಟಿದೆ ಎಂದು ತಿಳಿಯುವುದು ಹೇಗೆ? ಆಧಾರ್ ಕಾರ್ಡು ನೋಡಿದರೆ ತಿಳಿಯುವುದಿಲ್ಲ. 78ಕ್ಕೇ ಹಾಸಿಗೆ ಹಿಡಿದವರಿದ್ದಾರೆ, 92ರಲ್ಲೂ ಬೆಳಿಗ್ಗೆ ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕಿ ಪೇಪರು ಹಿಡಿದು ಬರುವವರಿದ್ದಾರೆ. ವೈದ್ಯವಿಜ್ಞಾನ ಈ ವ್ಯತ್ಯಾಸಕ್ಕೆ ಫ್ರೇಲ್ಟಿ ಎಂದು ಹೆಸರಿಟ್ಟಿದೆ. ಕನ್ನಡದಲ್ಲಿ ಕಸುವು ಕುಂದಿದ ಸ್ಥಿತಿ ಎನ್ನಬಹುದು. ಕೆನಡಾದ ಕೆನೆತ್ ರಾಕ್‌ವುಡ್ ಮತ್ತು ಸಂಗಡಿಗರು 2005ರಲ್ಲಿ ಇದನ್ನು ಅಳೆಯಲು ಒಂದು ಸರಳ ಮಾಪಕ ರೂಪಿಸಿದರು. ಈಗ ಅದರಲ್ಲಿ 1ರಿಂದ 9ರವರೆಗೆ ಅಂಕಗಳಿವೆ. 1 ಎಂದರೆ ಗಟ್ಟಿಮುಟ್ಟು, 9 ಎಂದರೆ ಬದುಕಿನ ಕೊನೆಯ ಹಂತ. ಹಣಕಾಸು, ಮಾತ್ರೆ, ಓಡಾಟಕ್ಕೆ ಬೇರೆಯವರ ನೆರವು ಬೇಕಾಗತೊಡಗಿದರೆ 5, ಸ್ನಾನಕ್ಕೂ ಯಾರಾದರೂ ಬೇಕೆಂದರೆ 6, ಎಲ್ಲದಕ್ಕೂ ಬೇರೆಯವರೇ ಆದರೆ 7. ಇದಕ್ಕೆ ಯಂತ್ರ ಬೇಕಿಲ್ಲ, ಸ್ಕ್ಯಾನ್ ಬೇಕಿಲ್ಲ. ನಾಲ್ಕು ಪ್ರಶ್ನೆ ಕೇಳುವ ವ್ಯವಧಾನ ಬೇಕು ಅಷ್ಟೆ.

ಇಲ್ಲಿ ಮನೆಯವರು ಒಂದು ಎಡವಟ್ಟು ಮಾಡುತ್ತಾರೆ. ಬಿದ್ದು ನರಳುತ್ತಿರುವ ಅಜ್ಜಿಯನ್ನು ನೋಡಿ "ಎಲ್ಲ ನಾವೇ ಮಾಡಬೇಕು ಡಾಕ್ಟ್ರೇ" ಎಂದುಬಿಡುತ್ತಾರೆ. ಮಾಪಕಕ್ಕೆ ಬೇಕಿರುವುದು ಇವತ್ತಿನ ಸ್ಥಿತಿಯಲ್ಲ, ಎರಡು ವಾರದ ಹಿಂದಿನ ಸ್ಥಿತಿ. ಬೀಳುವ ಹಿಂದಿನ ದಿನದವರೆಗೂ ತಾನೇ ಹೂ ಕಟ್ಟಿ, ತಾನೇ ಸ್ನಾನ ಮಾಡಿ, ಮಹಡಿ ಹತ್ತುತ್ತಿದ್ದರೆ ಅದನ್ನೇ ಹೇಳಬೇಕು. ಆ ಒಂದು ವಾಕ್ಯ ವೈದ್ಯರ ಲೆಕ್ಕಾಚಾರವನ್ನೇ ಬದಲಿಸಬಲ್ಲದು.

ಅತಿ ಹಿರಿಯ ವಯಸ್ಸಿನ ಶಸ್ತ್ರಚಿಕಿತ್ಸೆ ಎಂದಾಗ ಕನ್ನಡಿಗರಿಗೆಲ್ಲ ನೆನಪಾಗುವುದು ತುಮಕೂರಿನ ಸಿದ್ಧಗಂಗಾ ಮಠದ ಡಾ. ಶಿವಕುಮಾರ ಸ್ವಾಮೀಜಿಯವರು. 1907ರ ಏಪ್ರಿಲ್ 1ರಂದು ಜನಿಸಿದ ಅವರಿಗೆ 2018ರ ಡಿಸೆಂಬರ್‌ನಲ್ಲಿ 111 ವರ್ಷ. ಪಿತ್ತನಾಳದಲ್ಲಿ ತಡೆಯುಂಟಾಗಿ ಪದೇ ಪದೇ ಸೋಂಕು ಆಗುತ್ತಿತ್ತು. ಅದಕ್ಕೂ ಮೊದಲು ಬೆಂಗಳೂರಿನಲ್ಲಿ ಹೊಟ್ಟೆ ಕೊಯ್ಯದೆ ಒಳಗಿನಿಂದಲೇ ಸ್ಟೆಂಟ್‌ಗಳನ್ನು ಅಳವಡಿಸಲಾಗಿತ್ತು. ಅದೂ ಸಾಲದೆ ಬಂದಾಗ ಚೆನ್ನೈಗೆ ಕರೆದೊಯ್ದು, ಡಾ. ಮೊಹಮ್ಮದ್ ರೇಲಾ ಅವರ ತಂಡ ಪಿತ್ತರಸಕ್ಕೆ ಬೇರೆ ದಾರಿ ಮಾಡಿಕೊಡುವ ಬೈಪಾಸ್ ಶಸ್ತ್ರಚಿಕಿತ್ಸೆ ನಡೆಸಿತು. 111ರ ವಯಸ್ಸಿನಲ್ಲಿ ಪೂರ್ಣ ಪ್ರಮಾಣದ ಹೊಟ್ಟೆಯ ಆಪರೇಷನ್! ಸ್ವಾಮೀಜಿಯವರು ಚೇತರಿಸಿಕೊಂಡು ಅದೇ ತಿಂಗಳು ಮಠಕ್ಕೆ ಮರಳಿದರು. ಆಮೇಲೆ ಶ್ವಾಸಕೋಶದ ಸೋಂಕು ಕಾಣಿಸಿಕೊಂಡಿತು. 2019ರ ಜನವರಿ 21ರಂದು ಲಿಂಗೈಕ್ಯರಾದರು.

ಈ ಘಟನೆಯನ್ನು ಎರಡು ಬಗೆಯವರು ಎರಡು ರೀತಿ ಹೇಳುತ್ತಾರೆ. 111ಕ್ಕೇ ಆಪರೇಷನ್ ಆಯಿತು, ಹಾಗಾಗಿ ವಯಸ್ಸು ಅಡ್ಡಿಯಲ್ಲ ಎಂದು ಕೆಲವರು. ಆಪರೇಷನ್ ಆಗಿ ಆರು ವಾರಕ್ಕೇ ಹೋದರು, ಹಾಗಾಗಿ ಮಾಡಿಸಲೇಬಾರದಿತ್ತು ಎಂದು ಇನ್ನು ಕೆಲವರು. ಎರಡೂ ಅವಸರದ ಮಾತು ಎನ್ನುವುದು ನಮ್ಮ ಅನಿಸಿಕೆ. ತಡೆಗಟ್ಟಿದ ಪಿತ್ತನಾಳವನ್ನು ಹಾಗೇ ಬಿಟ್ಟಿದ್ದರೆ ಸೋಂಕು ರಕ್ತಕ್ಕೆ ಹರಡುವ ಅಪಾಯ ಕಣ್ಣೆದುರೇ ಇತ್ತು. ಸ್ಟೆಂಟ್ ಎಂಬ ಹಗುರ ದಾರಿಯನ್ನು ಮೊದಲು ಬಳಸಿ, ಅದು ಸಾಗದಾದಾಗಲೇ ದೊಡ್ಡ ದಾರಿಗೆ ಹೋದದ್ದು. ಶಸ್ತ್ರಚಿಕಿತ್ಸೆಯ ದಿನವನ್ನು ದಾಟಿದ್ದೂ ನಿಜ, ನಂತರದ ವಾರಗಳಲ್ಲಿ ಶ್ವಾಸಕೋಶ ಸೋತದ್ದೂ ನಿಜ. ತೀರಾ ವಯಸ್ಸಾದವರ ವಿಷಯದಲ್ಲಿ ಎಲ್ಲೆಡೆ ಕಾಣುವ ಚಿತ್ರವೇ ಇದು. ಅಪಾಯ ಹೆಚ್ಚಾಗಿ ಇರುವುದು ಆಪರೇಷನ್ ಮೇಜಿನ ಮೇಲಲ್ಲ, ಅದರ ನಂತರದ ದಿನಗಳಲ್ಲಿ.

ಅಮೆರಿಕದ ಹೃದಯ ಶಸ್ತ್ರವೈದ್ಯ ಮೈಕೆಲ್ ಡಿಬೇಕಿಯವರದು ಇನ್ನೊಂದು ಕತೆ. ಮಹಾಪಧಮನಿ ಸೀಳಿದಾಗ ಅದನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಯನ್ನು ರೂಪಿಸಿದವರೇ ಅವರು. 97ನೇ ವಯಸ್ಸಿನಲ್ಲಿ ಅದೇ ಕಾಯಿಲೆ ಅವರಿಗೇ ಬಂತು. ಮೊದಲು ಬೇಡವೆಂದರು. ಪ್ರಜ್ಞೆ ತಪ್ಪುವ ಹಂತ ಬಂದಾಗ ಆಸ್ಪತ್ರೆಯ ಕೆಲವು ಅರಿವಳಿಕೆ ತಜ್ಞರು ಕೈಜೋಡಿಸಲು ಒಪ್ಪಲಿಲ್ಲ, ವಿಷಯ ನೈತಿಕ ಸಮಿತಿಯವರೆಗೆ ಹೋಯಿತು. ಕೊನೆಗೆ 2006ರ ಫೆಬ್ರುವರಿಯಲ್ಲಿ ಆಪರೇಷನ್ ನಡೆಯಿತು. ಅವರು ಬದುಕಿದರು, 2008ರ ಜುಲೈವರೆಗೆ, ಅಂದರೆ ನೂರಕ್ಕೆ ಎರಡು ತಿಂಗಳು ಮುಂಚಿನವರೆಗೆ. ಆದರೆ ಆಪರೇಷನ್ ಆದ ಮೇಲೆ ಚೇತರಿಸಿಕೊಳ್ಳಲು ಅವರು ಆಸ್ಪತ್ರೆಯಲ್ಲಿ ಕಳೆದದ್ದು ತಿಂಗಳುಗಟ್ಟಲೆ, ಖರ್ಚು 10 ಲಕ್ಷ ಡಾಲರ್‌ಗೂ ಮೀರಿತ್ತು. ಎಲ್ಲರಿಗೂ ಅದು ಸಿಕ್ಕುವಂಥದ್ದಲ್ಲ.

ಇಂಥ ಕತೆಗಳ ಬಗ್ಗೆ, "ಶತಾಯುಷಿಗೆ ಯಶಸ್ವಿ ಶಸ್ತ್ರಚಿಕಿತ್ಸೆ" ಎಂದು ಪತ್ರಿಕೆಯಲ್ಲಿ ಬರುವ ಸುದ್ದಿಗಳ ಬಗ್ಗೆ ಸ್ವಲ್ಪ ಹುಷಾರಾಗಿರಬೇಕು. ಗೆದ್ದವರ ಫೋಟೊ ಪತ್ರಿಕೆಗೆ ಬರುತ್ತದೆ, ಸೋತವರದು ಬರುವುದಿಲ್ಲ. ನೆರೆಹೊರೆಯ ಹರಟೆಯಲ್ಲಿ ಇದೇ ಉಲ್ಟಾ ನಡೆಯುತ್ತದೆ. ಅಲ್ಲಿ ಸೋತವರದೇ ಸುದ್ದಿ, ಆಪರೇಷನ್ ಆಗಿ ಮೊಮ್ಮಗನ ಮದುವೆ ಊಟ ಉಂಡವರ ಕತೆ ಯಾರೂ ಎತ್ತುವುದಿಲ್ಲ. ಹಾಗಾಗಿ ಒಂದೆರಡು ಕತೆ ಬಿಟ್ಟು ದೊಡ್ಡ ಲೆಕ್ಕ ನೋಡಬೇಕು.

ಸೊಂಟ ಮುರಿದಾಗ ಆಪರೇಷನ್ ಬೇಡವೆಂದರೆ ಏನಾಗುತ್ತದೆ?

ಶ್ರೀರಾಂಪುರದ ನಮ್ಮ ಅಜ್ಜಿಯ ಕಡೆಗೆ ಬರೋಣ. "ಆಪರೇಷನ್ ಅಪಾಯ" ಎನ್ನುವ ಮಾತಿನಲ್ಲಿ ಒಂದು ತಪ್ಪು ಅಡಗಿದೆ. ಆಪರೇಷನ್ ಮಾಡಿಸದಿದ್ದರೆ ಅಪಾಯವೇ ಇಲ್ಲ ಎಂದು ಅದು ಒಳಗೊಳಗೇ ಹೇಳುತ್ತದೆ. ತೊಡೆಮೂಳೆಯ ಕತ್ತಿನ ಮುರಿತದಲ್ಲಿ ನಿಜಸ್ಥಿತಿ ಬೇರೆ. ಅಲ್ಲಿ ಮೂಳೆಯ ತಲೆಗೆ ರಕ್ತ ಹರಿಯುವ ನಾಳಗಳೇ ಹರಿದಿರುವ ಸಾಧ್ಯತೆ ಇರುವುದರಿಂದ ಹೊರಗಿನಿಂದ ಎಷ್ಟು ಬಿಗಿಯಾಗಿ ಕಟ್ಟಿದರೂ ಅದು ಕೂಡಿಕೊಳ್ಳುವುದು ಕಷ್ಟ. ಮುಂಗೈ ಮುರಿತಕ್ಕೂ ಇದಕ್ಕೂ ಹೋಲಿಕೆ ಇಲ್ಲ, ನಾಟಿ ಕಟ್ಟು ಇಲ್ಲಿ ಕೆಲಸಕ್ಕೆ ಬಾರದು. ಅಜ್ಜಿ ಮಲಗಿಯೇ ಇರಬೇಕಾಗುತ್ತದೆ, ಮಗ್ಗುಲು ಬದಲಿಸಿದರೂ ಜೀವ ಹೋಗುವ ನೋವು.

ಮಲಗಿರುವುದು ವಿಶ್ರಾಂತಿ ಎಂದು ನಾವು ಅಂದುಕೊಂಡಿದ್ದೇವೆ. ಮುಪ್ಪಿನಲ್ಲಿ ಅದು ವಿಶ್ರಾಂತಿಯಲ್ಲ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನೇ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದರು. ಹತ್ತೇ ದಿನದಲ್ಲಿ ಕಾಲುಗಳಿಂದ ಸುಮಾರು ಒಂದು ಕಿಲೋ ಸ್ನಾಯು ಕರಗಿತ್ತು. ಕಾಯಿಲೆ ಇಲ್ಲದವರಿಗೇ ಹೀಗಾದರೆ, ಮುರಿದ ಸೊಂಟದೊಂದಿಗೆ ಮೂರು ತಿಂಗಳು ಮಲಗಿದವರ ಗತಿ ಊಹಿಸಿಕೊಳ್ಳಬಹುದು. ಬೆನ್ನಿನ ಕೆಳಗೆ ಹಾಸಿಗೆ ಹುಣ್ಣು, ಕಾಲಿನ ನಾಳಗಳಲ್ಲಿ ಹೆಪ್ಪುಗಟ್ಟುವ ರಕ್ತ, ಮೂತ್ರದ ಸೋಂಕು, ಶ್ವಾಸಕೋಶದ ತಳದಲ್ಲಿ ಕಫ ಕಟ್ಟಿ ನ್ಯುಮೋನಿಯಾ ಹೀಗೆ ಒಂದರ ಹಿಂದೊಂದು ಬರುತ್ತವೆ. "ಬಿದ್ದರು, ಆಮೇಲೆ ಏಳಲೇ ಇಲ್ಲ" ಎಂದು ನಾವು ಕೇಳುತ್ತಾ ಬಂದ ಕತೆಗಳ ಒಳಗಿರುವುದು ಇದೇ.

ಆಪರೇಷನ್ ಮಾಡಿಸಿದರೂ ಲೆಕ್ಕ ಹಗುರವೇನಲ್ಲ. ಸೊಂಟ ಮುರಿದ ಹಿರಿಯರಲ್ಲಿ ಒಂದು ವರ್ಷದೊಳಗೆ ಶೇ. 20ರಿಂದ 30ರಷ್ಟು ಮಂದಿ ತೀರಿಕೊಳ್ಳುತ್ತಾರೆ. ಮುರಿತ ಅಷ್ಟು ಗಂಭೀರವಾದದ್ದು. ಹಾಗಿದ್ದೂ ಬಹುಪಾಲು ಹಿರಿಯರಿಗೆ ಆಪರೇಷನ್ನನ್ನೇ ಸಲಹೆ ಮಾಡುವುದೇಕೆಂದರೆ ಅದರ ಮೊದಲ ಉದ್ದೇಶ ಆಯಸ್ಸು ಹೆಚ್ಚಿಸುವುದಲ್ಲ, ನೋವು ತಗ್ಗಿಸಿ ಎಬ್ಬಿಸಿ ಕೂರಿಸುವುದು. ಮೂಳೆಯ ಕತ್ತು ಮುರಿದಿದ್ದರೆ ಕೀಲಿನ ಅರ್ಧ ಭಾಗವನ್ನು ಲೋಹದ್ದಾಗಿ ಬದಲಿಸುತ್ತಾರೆ, ಅದರ ಕೆಳಗೆ ಮುರಿದಿದ್ದರೆ ಒಳಗೆ ಸರಳು ಕೂರಿಸುತ್ತಾರೆ. ಎಲ್ಲ ಸರಿಯಾಗಿದ್ದರೆ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಬ್ರಿಟನ್ನಿನ ರಾಜಮಾತೆ ಎಲಿಜಬೆತ್ ಅವರಿಗೆ 95ರಲ್ಲಿ ಒಂದು ಸೊಂಟದ ಕೀಲು ಬದಲಾಯಿತು, 97ರಲ್ಲಿ ಬಿದ್ದು ಇನ್ನೊಂದು ಮುರಿದು ಅದೂ ಬದಲಾಯಿತು. ಅವರು ತೀರಿಕೊಂಡದ್ದು 2002ರಲ್ಲಿ, 101ನೇ ವಯಸ್ಸಿನಲ್ಲಿ. ಅರಮನೆಯ ಆರೈಕೆ ಎಲ್ಲರಿಗೂ ಇಲ್ಲ, ಒಪ್ಪಿದೆವು. ಆದರೆ ಕೀಲು ಮಾತ್ರ ಎಲ್ಲರದೂ ಒಂದೇ.

ಯಾವಾಗ ಮಾಡಿಸಬೇಕು? ಆದಷ್ಟು ಬೇಗ. ಬ್ರಿಟನ್ನಿನ ಮಾರ್ಗಸೂಚಿ, ದಾಖಲಾದ ದಿನ ಅಥವಾ ಮರುದಿನವೇ ಆಗಬೇಕು ಎನ್ನುತ್ತದೆ. 17 ದೇಶಗಳ 69 ಆಸ್ಪತ್ರೆಗಳಲ್ಲಿ 2,970 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಹಿಪ್ ಅಟ್ಯಾಕ್ ಎಂಬ ಅಧ್ಯಯನದಲ್ಲಿ ಭಾರತದ ಆಸ್ಪತ್ರೆಗಳೂ ಇದ್ದವು. ಮುರಿತ ಗೊತ್ತಾದ ಸುಮಾರು 6 ಗಂಟೆಯಲ್ಲಿ ಆಪರೇಷನ್ ಆದವರಿಗೂ 24 ಗಂಟೆಯ ಹೊತ್ತಿಗೆ ಆದವರಿಗೂ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಬೇಗ ಆದವರಲ್ಲಿ ಮನಸ್ಸಿನ ಗೊಂದಲ ಕಡಿಮೆ ಇತ್ತು, ಬೇಗ ಎದ್ದು ನಡೆದರು, ಬೇಗ ಮನೆಗೆ ಹೋದರು. ಅಂದರೆ ಒಂದು ದಿನ ಯೋಚಿಸಲು ತೆಗೆದುಕೊಂಡರೆ ಪ್ರಮಾದವೇನಿಲ್ಲ. ಅಮೆರಿಕದ ಮಗಳು ಬರಲಿ, ಅಮಾವಾಸ್ಯೆ ಕಳೆಯಲಿ, ಇನ್ನೊಬ್ಬ ವೈದ್ಯರನ್ನು ಕೇಳೋಣ, ಇನ್ನೊಂದು ಸ್ಕ್ಯಾನ್ ಆಗಲಿ ಎಂದು ಐದಾರು ದಿನ ತಳ್ಳುವುದು ಮಾತ್ರ ಇರುವ ಅಲ್ಪ ಉಳಿತಾಯವನ್ನು ಖರ್ಚು ಮಾಡಿದಂತೆ.

ಬೆನ್ನಿಗೆ ಚುಚ್ಚಿ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದರೆ ಅಪಾಯವಿಲ್ಲ, ಪೂರ್ತಿ ನಿದ್ದೆ ಬರಿಸಿದರೆ ಅಪಾಯ ಎನ್ನುವ ನಂಬಿಕೆಯೂ ಬಲವಾಗಿದೆ. ಅಮೆರಿಕ ಮತ್ತು ಕೆನಡಾದಲ್ಲಿ ಸೊಂಟ ಮುರಿದ 1,600 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ನೇರವಾಗಿ ಪರೀಕ್ಷಿಸಿತು. 60 ದಿನಗಳ ನಂತರ ತೀರಿಕೊಂಡವರು ಅಥವಾ ನಡೆಯಲಾಗದವರು ಬೆನ್ನಿಗೆ ಕೊಟ್ಟ ಗುಂಪಿನಲ್ಲಿ ಶೇ. 18.5, ಪೂರ್ತಿ ಅರಿವಳಿಕೆಯ ಗುಂಪಿನಲ್ಲಿ ಶೇ. 18. ಗೊಂದಲಕ್ಕೊಳಗಾದವರ ಪ್ರಮಾಣದಲ್ಲೂ ವ್ಯತ್ಯಾಸವಿರಲಿಲ್ಲ. ಆದ್ದರಿಂದ ಯಾವುದು ಎನ್ನುವುದನ್ನು ಅರಿವಳಿಕೆ ತಜ್ಞರ ತೀರ್ಮಾನಕ್ಕೆ ಬಿಡುವುದು ಒಳ್ಳೆಯದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ, ಕೆಲವು ಬಗೆಯ ಹೃದಯದ ಕವಾಟದ ತೊಂದರೆ ಇರುವವರಿಗೆ ಬೆನ್ನಿನ ಸೂಜಿಯೇ ಹೆಚ್ಚು ಅಪಾಯಕಾರಿಯಾಗಬಹುದು.

ಮೂರನೆಯ ರಾತ್ರಿ

ಆಪರೇಷನ್ ಚೆನ್ನಾಗಿ ಆಯಿತು ಎಂದು ಎಲ್ಲರೂ ಸಮಾಧಾನಪಟ್ಟುಕೊಂಡ ಮೇಲೆ, ಎರಡನೆಯ ಅಥವಾ ಮೂರನೆಯ ರಾತ್ರಿ, ಅಜ್ಜಿ ಇದ್ದಕ್ಕಿದ್ದಂತೆ ಗೋಡೆಯ ಮೇಲೆ ಇರುವೆ ಹರಿದಾಡುತ್ತಿವೆ ಎನ್ನಬಹುದು. ಎಂದೋ ತೀರಿಹೋದ ತಾಯಿಯನ್ನು ಕರೆಯಬಹುದು. ಮಗನನ್ನೇ "ಯಾರಪ್ಪಾ ನೀನು?" ಎಂದು ಕೇಳಬಹುದು, ಡ್ರಿಪ್ ಕಿತ್ತೊಗೆಯಬಹುದು. ಅಥವಾ ಇದ್ಯಾವುದೂ ಇಲ್ಲದೆ ಸುಮ್ಮನೆ ಮಂಕಾಗಿ ಮಲಗಿಬಿಡಬಹುದು. ಈ ಎರಡನೆಯದನ್ನು "ಪಾಪ, ಸುಸ್ತಾಗಿದೆ" ಎಂದು ನಾವು ಗಮನಿಸುವುದೇ ಇಲ್ಲ. ಇದಕ್ಕೆ ಡೆಲಿರಿಯಂ ಎನ್ನುತ್ತಾರೆ. ಹಳೆಯ ಮಾತಿನಲ್ಲಿ ಸನ್ನಿ. ಮನೆಯವರು "ಅರಿವಳಿಕೆಯಿಂದ ತಲೆ ಕೆಟ್ಟಿತು" ಎಂದು ಹೆದರುತ್ತಾರೆ. ಸೋಂಕು, ನೋವು, ನೀರಿನ ಕೊರತೆ, ಮಲಬದ್ಧತೆ, ನಿದ್ದೆ ಇಲ್ಲದಿರುವುದು, ಹೊಸ ಜಾಗ, ಕೆಲವು ಮಾತ್ರೆ ಎಲ್ಲವೂ ಸೇರಿ ಇದನ್ನು ತರುತ್ತವೆ. ಬಹುತೇಕ ಮಂದಿ ದಿನಗಳಲ್ಲಿ ಅಥವಾ ವಾರಗಳಲ್ಲಿ ತಿಳಿಯಾಗುತ್ತಾರೆ.

ಕೆಲವರಲ್ಲಿ ಮರೆವು, ಮಂದಗತಿ ಇನ್ನೂ ಸ್ವಲ್ಪ ಕಾಲ ಉಳಿಯುತ್ತದೆ ಎನ್ನುವುದನ್ನು ಮುಚ್ಚಿಡಬಾರದು. 60 ದಾಟಿದ 1,218 ಜನರನ್ನು ದೊಡ್ಡ ಆಪರೇಷನ್ ನಂತರ ಪರೀಕ್ಷಿಸಿ 1998ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಒಂದು ವಾರಕ್ಕೆ ಶೇ. 25.8 ಮಂದಿಯಲ್ಲಿ, ಮೂರು ತಿಂಗಳಿಗೆ ಶೇ. 9.9 ಮಂದಿಯಲ್ಲಿ ಬುದ್ಧಿಶಕ್ತಿ ಕುಂದಿರುವುದು ಕಂಡಿತ್ತು. ಮೊದಲೇ ಮರೆವಿನ ಕಾಯಿಲೆ ಇದ್ದವರಿಗೆ ಡೆಲಿರಿಯಂ ಬರುವ ಸಾಧ್ಯತೆ ಹೆಚ್ಚು.

ಸಂತೋಷದ ಸಂಗತಿ ಎಂದರೆ ಡೆಲಿರಿಯಂ ತಡೆಯುವ ಅತ್ಯುತ್ತಮ ಮದ್ದು ಔಷಧದಂಗಡಿಯಲ್ಲಿ ಇಲ್ಲ. ಅಮೆರಿಕದ ಶರನ್ ಇನೊಯೆ ಅವರ ತಂಡ ಆಸ್ಪತ್ರೆಗೆ ದಾಖಲಾದ 70 ದಾಟಿದ 852 ರೋಗಿಗಳಲ್ಲಿ ಕೆಲವು ತೀರಾ ಸರಳ ಕ್ರಮಗಳನ್ನು ಪ್ರಯತ್ನಿಸಿತು. ಕನ್ನಡಕ, ಕಿವಿಯ ಯಂತ್ರ ಕೊಡುವುದು, ದಿನ ತಾರೀಕು ಹೇಳುತ್ತಾ ಮಾತಾಡಿಸುವುದು, ನೀರು ಕುಡಿಸುವುದು, ನಡೆಸುವುದು, ರಾತ್ರಿ ಸದ್ದು ತಗ್ಗಿಸಿ ನಿದ್ದೆ ಮಾತ್ರೆ ಇಲ್ಲದೆ ಮಲಗಿಸುವುದು. ಡೆಲಿರಿಯಂ ಶೇ. 15ರಿಂದ 9.9ಕ್ಕೆ ಇಳಿಯಿತು. 1999ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ನಮ್ಮ ಆಸ್ಪತ್ರೆಗಳಲ್ಲಿ ಒಬ್ಬ ನರ್ಸ್ ಎಷ್ಟೋ ರೋಗಿಗಳನ್ನು ನೋಡಬೇಕು, ಇದೆಲ್ಲ ಅವರಿಂದ ಆಗದು. ಆದರೆ ಇಲ್ಲಿ ನಮ್ಮ ಒಂದು ರೂಢಿ ಸಹಾಯಕ್ಕೆ ಬರುತ್ತದೆ. ನಮ್ಮಲ್ಲಿ ರೋಗಿಯ ಜೊತೆ ಮನೆಯವರು ಯಾರಾದರೂ ಇದ್ದೇ ಇರುತ್ತಾರೆ. ಆ ಒಬ್ಬರು ಫೋನು ನೋಡುತ್ತಾ ಕೂರುವ ಬದಲು ಅಜ್ಜಿಯ ಕನ್ನಡಕ ಒರೆಸಿ ಹಾಕಿ, ಹಲ್ಲಿನ ಸೆಟ್ಟು ಕೊಟ್ಟು, ಕಿಟಕಿ ತೆರೆದು, "ಅಮ್ಮ, ಇವತ್ತು ಗುರುವಾರ, ಬೆಳಿಗ್ಗೆ ಎಂಟು ಗಂಟೆ" ಎಂದು ಮಾತಾಡಿಸಿದರೆ ಚಿಕಿತ್ಸೆಯ ದೊಡ್ಡ ಭಾಗವನ್ನು ಅವರೇ ಮಾಡಿದಂತೆ. ಆಸ್ಪತ್ರೆಗೆ ಹೊರಡುವಾಗ ಕಳೆದುಹೋದೀತೆಂದು ಕಿವಿಯ ಯಂತ್ರವನ್ನು ಬೀರುವಿನಲ್ಲಿಟ್ಟು ಬರುವವರೇ ಜಾಸ್ತಿ.

ಮನೆಯಲ್ಲಿ ನುಂಗುತ್ತಿದ್ದ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ಮೊದಲ ದಿನವೇ ವೈದ್ಯರಿಗೆ ಕೊಡಬೇಕು. ಮುಖ್ಯವಾಗಿ ವರ್ಷಗಳಿಂದ ನಡೆದಿರುವ ನಿದ್ದೆ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ, ಹೇಳಲು ಸಂಕೋಚಪಡುವ ನಾಟಿ ಚೂರ್ಣ ಎಲ್ಲವನ್ನೂ. ತಾವಾಗಿಯೇ ಯಾವುದನ್ನೂ ನಿಲ್ಲಿಸಬಾರದು. ಉಪವಾಸದ ವಿಷಯದಲ್ಲೂ ಅತಿಯಾಗುತ್ತದೆ. ಗಟ್ಟಿ ಆಹಾರವನ್ನು 6 ಗಂಟೆ ಮೊದಲು ನಿಲ್ಲಿಸಬೇಕು, ಆದರೆ ನೀರನ್ನು ಸಾಮಾನ್ಯವಾಗಿ 2 ಗಂಟೆ ಮೊದಲಿನವರೆಗೂ ಕುಡಿಯಬಹುದು. ಹಿಂದಿನ ರಾತ್ರಿಯಿಂದ ಮಧ್ಯಾಹ್ನದವರೆಗೆ ಒಂದು ಗುಟುಕು ನೀರಿಲ್ಲದೆ ಒಣಗಿಸುವುದು ಅನಗತ್ಯ. ನಿಮ್ಮ ವೈದ್ಯರನ್ನು ಇದೊಂದನ್ನು ಕೇಳಿಬಿಡಿ.

ಎಲ್ಲ ಆಪರೇಷನ್ನೂ ಒಂದೇ ಅಲ್ಲ

ಕಣ್ಣಿನ ಪೊರೆಯ ಆಪರೇಷನ್ ಇವುಗಳಲ್ಲಿ ಅತ್ಯಂತ ಹಗುರವಾದದ್ದು. ಕಣ್ಣನ್ನಷ್ಟೇ ಮರಗಟ್ಟಿಸುತ್ತಾರೆ, ಅರ್ಧ ಗಂಟೆಯೂ ಬೇಕಿಲ್ಲ. ಸುಮಾರು 19 ಸಾವಿರ ಪೊರೆ ಆಪರೇಷನ್‌ಗಳನ್ನು ಪರಿಶೀಲಿಸಿ 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಂಚಿತವಾಗಿ ರಕ್ತಪರೀಕ್ಷೆ, ಇಸಿಜಿ ಮಾಡಿಸಿದವರಿಗೂ ಮಾಡಿಸದವರಿಗೂ ಆರೋಗ್ಯದ ತೊಂದರೆಗಳಲ್ಲಿ ವ್ಯತ್ಯಾಸವೇ ಇರಲಿಲ್ಲ. "ಈ ವಯಸ್ಸಲ್ಲಿ ನೋಡಿ ಏನಾಗಬೇಕು" ಎಂದು ಪೊರೆ ಬಿಟ್ಟುಕೊಂಡವರೇ ಆಮೇಲೆ ಮೆಟ್ಟಿಲು ಕಾಣದೆ ಬಿದ್ದು ಸೊಂಟ ಮುರಿದುಕೊಳ್ಳುವುದುಂಟು. ಹೃದಯದ ಮಹಾಪಧಮನಿ ಕವಾಟ ಕಿರಿದಾದವರಿಗೆ ಎದೆ ತೆರೆಯದೆ ತೊಡೆಯ ರಕ್ತನಾಳದ ಮೂಲಕ ಕವಾಟ ಕೂರಿಸುವ ವಿಧಾನ ಬಂದಿದೆ. ಎದೆ ತೆರೆಯುವ ಆಪರೇಷನ್ ಸಾಧ್ಯವೇ ಇಲ್ಲ ಎನ್ನಲಾದ, ಸರಾಸರಿ 83 ವರ್ಷದ ರೋಗಿಗಳಲ್ಲಿ 2010ರ ಅಧ್ಯಯನವೊಂದು ಇದನ್ನು ಪರೀಕ್ಷಿಸಿದಾಗ ವರ್ಷದೊಳಗಿನ ಸಾವು ಶೇ. 50.7ರಿಂದ 30.7ಕ್ಕೆ ಇಳಿದಿತ್ತು.

ಇನ್ನೊಂದು ಕಡೆ, ತೊಂದರೆಯನ್ನೇ ಕೊಡದ ಪಿತ್ತಕೋಶದ ಕಲ್ಲು, ನೋವಿಲ್ಲದೆ ಒಳಗೆ ಹೊರಗೆ ಹೋಗಿಬರುವ ಸಣ್ಣ ಹರ್ನಿಯಾ, ಸ್ಕ್ಯಾನಿನಲ್ಲಿ ಆಕಸ್ಮಿಕವಾಗಿ ಕಂಡ ನಿಧಾನವಾಗಿ ಬೆಳೆಯುವ ಗಂಟು ಇವುಗಳನ್ನು 90 ದಾಟಿದವರಲ್ಲಿ ಸುಮ್ಮನೆ ಗಮನಿಸುತ್ತಾ ಇರುವುದೇ ಎಷ್ಟೋ ಸಲ ಜಾಣತನ. ಮತ್ತೆ ತುರ್ತು ಆಪರೇಷನ್‌ಗಿಂತ ಯೋಜಿಸಿ ಮಾಡಿಸುವ ಆಪರೇಷನ್ ಯಾವತ್ತೂ ಹೆಚ್ಚು ಸುರಕ್ಷಿತ. ಹಾಗಾಗಿ ಮಾಡಿಸಲೇಬೇಕಾದದ್ದನ್ನು "ನೋಡೋಣ" ಎಂದು ಮುಂದೂಡಿ, ಕರುಳು ಸಿಕ್ಕಿಕೊಂಡ ಮೇಲೆ ಮಧ್ಯರಾತ್ರಿ ಓಡುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ.

ಬೇಡ ಎನ್ನುವ ಹಕ್ಕೂ ಇದೆ. ನೆದರ್‌ಲ್ಯಾಂಡ್ಸ್‌ನಲ್ಲಿ, ಆರೈಕೆ ಕೇಂದ್ರಗಳಲ್ಲಿದ್ದ ತೀರಾ ಕಸುವುಗುಂದಿದ ಹಿರಿಯರ ಸೊಂಟ ಮುರಿದಾಗ ವೈದ್ಯರು ಕುಟುಂಬದೊಂದಿಗೆ ಕೂತು ಬಿಚ್ಚಿ ಮಾತಾಡಿ ತೀರ್ಮಾನಿಸಿದ ಒಂದು ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಆಪರೇಷನ್ ಬೇಡವೆಂದವರಲ್ಲಿ ಶೇ. 83 ಮಂದಿ 30 ದಿನದೊಳಗೆ ತೀರಿಕೊಂಡರು, ಮಾಡಿಸಿಕೊಂಡವರಲ್ಲಿ ಶೇ. 25. ಆದರೆ ಬೇಡವೆಂದವರಿಗೆ ನೋವು ನಿವಾರಣೆ ಚೆನ್ನಾಗಿ ಸಿಕ್ಕಿತ್ತು, ಅವರ ಕೊನೆಯ ದಿನಗಳ ಗುಣಮಟ್ಟ ಕಳಪೆಯಾಗಿರಲಿಲ್ಲ, ಕುಟುಂಬಗಳಿಗೂ ತೀರ್ಮಾನದ ಬಗ್ಗೆ ಸಮಾಧಾನವಿತ್ತು. ಈ ಎರಡೂ ಅಂಶಗಳನ್ನು ಒಟ್ಟಿಗೆ ನೋಡಬೇಕು. ಮಾಪಕದಲ್ಲಿ 7 ಅಥವಾ 8ರಲ್ಲಿರುವ, ಮನೆಯವರ ಗುರುತೂ ಹತ್ತದ ಹಿರಿಯರಿಗೆ ಆಪರೇಷನ್ ಬೇಡ ಎನ್ನುವುದು ಕೈಬಿಟ್ಟಂತಲ್ಲ. ಆದರೆ ಹಾಗೆ ತೀರ್ಮಾನಿಸಿದ ಮೇಲೆ ನೋವಿಗೆ ಗಟ್ಟಿಯಾದ ಔಷಧ, ಉಪಶಾಮಕ ಆರೈಕೆ ಕೊಡಿಸಲೇಬೇಕು. ಮನೆಗೆ ಕರೆತಂದು ಮೂಲೆಯಲ್ಲಿ ಮಲಗಿಸಿ ಬರೀ ಪ್ಯಾರಾಸಿಟಮಾಲ್ ಕೊಡುವುದು ಈ ಆಯ್ಕೆಯಲ್ಲ.

ತಮಗೆ ಏನು ಬೇಕು, ಏನು ಬೇಡ ಎಂದು ಹಿರಿಯರೇ ಮುಂಚಿತವಾಗಿ ಬರೆದಿಡುವುದಕ್ಕೆ ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಮಾನ್ಯತೆ ಕೊಟ್ಟಿತು, 2023ರ ಜನವರಿಯಲ್ಲಿ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಕರ್ನಾಟಕದ ಆರೋಗ್ಯ ಇಲಾಖೆಯೂ 2025ರ ಜನವರಿಯಲ್ಲಿ ಈ ಬಗ್ಗೆ ಆದೇಶ ಹೊರಡಿಸಿದೆ. ಗುಣವಾಗುವ ನಿರೀಕ್ಷೆಯೇ ಇಲ್ಲದ ಸ್ಥಿತಿಯಲ್ಲಿ ವೆಂಟಿಲೇಟರ್‌ನಂಥ ಜೀವರಕ್ಷಕ ಚಿಕಿತ್ಸೆಗೆ ಸಂಬಂಧಿಸಿದ್ದು ಇದು. ಆದರೆ ಅದನ್ನು ಬರೆಯುವ ನೆಪದಲ್ಲಾದರೂ ಮನೆಯಲ್ಲಿ ಒಂದು ಮಾತುಕತೆ ಆಗುತ್ತದೆ.

ನಮ್ಮ ಅಜ್ಜಿಯ ಮನೆಯಲ್ಲಿ ಆ ಮಾತುಕತೆ ಆಗಿರಲಿಲ್ಲ. ವೈದ್ಯರೇ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತು "ಅಜ್ಜೀ, ನಿಮಗೇನು ಬೇಕು ಹೇಳಿ" ಎಂದು ಕೇಳಿದರೆ, "ಬಚ್ಚಲಿಗೆ ನಾನೇ ಹೋಗೋ ಹಂಗೆ ಮಾಡಪ್ಪಾ, ಇನ್ನೇನೂ ಬೇಡ" ಎಂದಾರು. ಅಷ್ಟು ಉತ್ತರ ಸಾಕು. ಆಗ ಮನೆಯವರು ವೈದ್ಯರಿಗೆ ಕೇಳಬೇಕಾದ ಪ್ರಶ್ನೆ "ಬದುಕುತ್ತಾರಾ?" ಎಂಬುದೊಂದೇ ಆಗಿರುವುದಿಲ್ಲ. ಆಪರೇಷನ್ ಆದರೆ ಮತ್ತೆ ತಾವೇ ಬಚ್ಚಲಿಗೆ ಹೋಗುವ ಸಾಧ್ಯತೆ ಎಷ್ಟು, ಆಗದಿದ್ದರೆ ಎಷ್ಟು, ಆಮೇಲೆ ಏನಾದರೂ ಎಡವಟ್ಟಾದರೆ ಎಲ್ಲಿಯವರೆಗೆ ಮುಂದುವರಿಯುವುದು, ಎಷ್ಟು ದಿನಕ್ಕೆ ನಡೆಸುತ್ತೀರಿ, ನಡೆಸಲು ಫಿಸಿಯೊಥೆರಪಿಸ್ಟ್ ಇದ್ದಾರಾ ಎಂದೆಲ್ಲ ಕೇಳಬಹುದು.

ಮತ್ತೆ ಬಿಡುಗಡೆಯ ದಿನ ಇನ್ನೊಂದನ್ನು ಕೇಳಲು ಮರೆಯಬಾರದು. ಒಮ್ಮೆ ಸೊಂಟ ಮುರಿಯಿತೆಂದರೆ ಮೂಳೆ ಟೊಳ್ಳಾಗಿದೆ ಎಂದೇ ಅರ್ಥ, ಆದರೆ ಆ ಮೂಳೆಗೆ ಚಿಕಿತ್ಸೆ ಶುರುಮಾಡದೆಯೇ ಎಷ್ಟೋ ಮಂದಿ ಮನೆಗೆ ಬರುತ್ತಾರೆ. ಸೊಂಟದ ಆಪರೇಷನ್ ಆದವರಿಗೆ ವರ್ಷಕ್ಕೊಮ್ಮೆ ಜೋಲೆಡ್ರೋನಿಕ್ ಆಮ್ಲದ ಡ್ರಿಪ್ ಕೊಟ್ಟು ನೋಡಿದ 2007ರ ಅಧ್ಯಯನದಲ್ಲಿ ಹೊಸ ಮುರಿತ ಶೇ. 35ರಷ್ಟು, ಸಾವು ಶೇ. 28ರಷ್ಟು ಕಡಿಮೆಯಾಗಿತ್ತು. ಮೂತ್ರಪಿಂಡ ತೀರಾ ಸೊರಗಿದವರಿಗೆ ಅದು ಒಗ್ಗುವುದಿಲ್ಲ, ಬೇರೆ ಔಷಧಗಳಿವೆ. ಬಚ್ಚಲಿನ ಗೋಡೆಗೆ ಹಿಡಿಯಲು ಒಂದು ಸ್ಟೀಲ್ ಕಂಬಿ, ನೆಲಕ್ಕೆ ಜಾರದ ಮ್ಯಾಟು, ರಾತ್ರಿ ಉರಿಯುವ ಒಂದು ಸಣ್ಣ ದೀಪ ಇವುಗಳನ್ನು ಅಜ್ಜಿ ಆಸ್ಪತ್ರೆಯಲ್ಲಿರುವಾಗಲೇ ಹಾಕಿಸಿಬಿಡಬಹುದು. ಪ್ಲಂಬರ್ ಬರುವುದು ಹೇಗೂ ಎರಡು ದಿನ ತಡ.